ಐವತ್ತಮೂರು ಸುತ್ತಿಗೆ ಇಪ್ಪತ್ತು ವಾರ

ಅರ್ಧ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್. 400 ಮೀಟರಿನ ಟ್ರ್ಯಾಕಿನಲ್ಲಾದರೆ ಹತ್ತಿರ ಹತ್ತಿರ 53 ಸುತ್ತು. ಮೈಸೂರಿನಿಂದ ಹೊರಟರೆ ಶ್ರೀರಂಗಪಟ್ಟಣ ದಾಟಿ ಇನ್ನೂ ಐದಾರು ಕಿಲೋಮೀಟರ್. ಪಿ.ಟಿ. ಪೀರಿಯಡ್ಡಿನಲ್ಲಿ ಎರಡು ಸುತ್ತಿಗೇ ಏದುಸಿರು ಬಿಡುತ್ತಿದ್ದ ಹುಡುಗನೋ ಹುಡುಗಿಯೋ ಕಾಲೇಜು ಸೇರಿದ ಮೇಲೆ ಒಂದು ಸಂಜೆ ಬಂದು 'ಓಟಕ್ಕೆ ಹೆಸರು ಕೊಟ್ಟಿದ್ದೇನೆ' ಎಂದರೆ ಅಪ್ಪ-ಅಮ್ಮ ಹೌಹಾರುವುದು ಸಹಜ. ಓದು ಏನಾಗಬೇಕು, ಮಂಡಿ ಏನಾಗಬೇಕು, ನಸುಕಿನಲ್ಲಿ ಬೀದಿನಾಯಿಗಳು ಅಟ್ಟಿಸಿಕೊಂಡು ಬಂದರೆ ಗತಿಯೇನು? ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಮೊದಲು ಕೇಳಬೇಕಾದದ್ದು ಬೇರೆ: ಸ್ಪರ್ಧೆಗೆ ಇನ್ನೆಷ್ಟು ವಾರವಿದೆ?

ಆರೇ ವಾರ ಎಂಬ ಉತ್ತರ ಬಂದರೆ, ಈ ವರ್ಷ ಬೇಡ ಎನ್ನುವುದೇ ಸರಿ. ಇಪ್ಪತ್ತು ವಾರವಿದ್ದರೆ ಧಾರಾಳವಾಗಿ ಒಪ್ಪಬಹುದು. ಈ ಲೆಕ್ಕದ ಹಿಂದೆ ಶರೀರದ ಒಂದು ಗುಟ್ಟಿದೆ. ಅಭ್ಯಾಸ ಶುರು ಮಾಡಿದ ಕೆಲವೇ ವಾರಗಳಲ್ಲಿ ಹೃದಯ ಮತ್ತು ಸ್ನಾಯುಗಳು ಹೊಸ ಕೆಲಸಕ್ಕೆ ಒಗ್ಗಿಕೊಳ್ಳುತ್ತವೆ, ಉಸಿರು ಹಿಡಿತಕ್ಕೆ ಬರುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಹಾಗಲ್ಲ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೊಸಬರು ಮುಗ್ಗರಿಸುವುದು ಇಲ್ಲಿಯೇ. ನಾಲ್ಕನೆಯ ವಾರ 'ಇಷ್ಟೇನಾ?' ಎನ್ನಿಸಿ ದೂರವನ್ನು ಒಮ್ಮೆಲೇ ದುಪ್ಪಟ್ಟು ಮಾಡುತ್ತಾರೆ. ಐದನೆಯ ವಾರ ಮೊಣಕಾಲ ಕೆಳಗಿನ ಮುಂಭಾಗದ ಮೂಳೆ ನೋಯತೊಡಗುತ್ತದೆ. ಆಗಲೂ ಹಟ ಹಿಡಿದು ಓಡಿದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವ ಸಂಭವವುಂಟು. ಓಡಿದಾಗ ಬಂದು ವಿಶ್ರಾಂತಿಯಲ್ಲಿ ಹೋಗುವ ಮೈಕೈ ನೋವು ಬೇರೆ. ಬೆರಳಿಟ್ಟು ತೋರಿಸಬಹುದಾದ, ದಿನೇ ದಿನೇ ಹೆಚ್ಚುವ ನೋವು ಬೇರೆ. ಎರಡನೆಯದಕ್ಕೆ ಮುಲಾಮು ಸಾಲದು, ವೈದ್ಯರೇ ಬೇಕು.

ನಿಧಾನವಾಗಿ ಓಡಿಯೇ ವೇಗ ಗಳಿಸಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಮುಖ್ಯರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದ ಅವರ ಶಿಷ್ಯ ಪೀಟರ್ ಸ್ನೆಲ್, ಎರಡು ನಿಮಿಷದೊಳಗೆ ಮುಗಿಯುವ ಆ ಓಟಕ್ಕಾಗಿ ವಾರಕ್ಕೆ ನೂರು ಮೈಲಿ ಓಡಿ ಸಿದ್ಧರಾಗಿದ್ದರು. ಅದೇ ಲಿಡಿಯಾರ್ಡ್ 1962ರಲ್ಲಿ ಆಕ್ಲೆಂಡಿನಲ್ಲಿ, ಹೃದಯಾಘಾತದಿಂದ ಚೇತರಿಸಿಕೊಂಡ ನಡುವಯಸ್ಕರನ್ನೂ ಮೆಲ್ಲಗೆ ಓಡಿಸಿದರು. ಪಕ್ಕದವರೊಡನೆ ಮಾತಾಡುತ್ತ ಓಡಲಾಗದಿದ್ದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ಕೈಗಡಿಯಾರ, ಮೊಬೈಲು ಏನು ಹೇಳಿದರೂ ಹೊಸಬರಿಗೆ ಇದಕ್ಕಿಂತ ನಂಬಿಕಸ್ಥ ಅಳತೆ ಬೇರೆ ಸಿಗಲಾರದು.

ಹಾಗಾದರೆ ಶುರು ಹೇಗೆ? ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಡೆಯಲು ನಾಚಿಕೆ ಬೇಡ. ವಾರ ಕಳೆದಂತೆ ಓಟ ಹಿಗ್ಗಿ ನಡಿಗೆ ಕುಗ್ಗುತ್ತದೆ. ಎಂಟನೆಯ ವಾರದ ಹೊತ್ತಿಗೆ ನಿಲ್ಲದೆ ಐದು ಕಿಲೋಮೀಟರ್ ಓಡಲು ಬಂದರೆ ಸಾಕು. ಆಮೇಲೆ ಭಾನುವಾರಗಳದೇ ಕಥೆ. ಮಿಕ್ಕ ದಿನ ಐದಾರು ಕಿಲೋಮೀಟರ್, ಭಾನುವಾರ ಒಂದು ಉದ್ದ ಓಟ: ಏಳು, ಎಂಟು, ಒಂಬತ್ತು, ಮುಂದಿನ ವಾರ ಬೇಕೆಂದೇ ಏಳಕ್ಕೆ ಇಳಿದು, ಮತ್ತೆ ಹತ್ತು, ಹನ್ನೊಂದು. ಹೀಗೆ ಏರಿಳಿಯುತ್ತ ಸ್ಪರ್ಧೆಗೆ ಮೂರು ವಾರ ಇರುವಾಗ ಹದಿನೇಳಕ್ಕೆ ಮುಟ್ಟಿದರೆ ಆಯಿತು. ಇಪ್ಪತ್ತೊಂದನ್ನು ಮೊದಲೇ ಓಡಿ ನೋಡುವ ಅಗತ್ಯವಿಲ್ಲ. ಕೊನೆಯ ಎರಡು ವಾರ ಓಟ ಕಡಿಮೆ, ನಿದ್ದೆ ಹೆಚ್ಚು. ಸೋಮಾರಿತನ ಅಲ್ಲವೇ ಎಂದು ಅಪ್ಪಂದಿರು ಹಂಗಿಸಬಾರದು.

ವಯಸ್ಸಿನ ಮಾತು. 2006ರ ಮೇ ತಿಂಗಳಲ್ಲಿ ಒಡಿಶಾದ ನಾಲ್ಕು ವರ್ಷದ ಬುಧಿಯಾ ಸಿಂಗ್ ಪುರಿಯಿಂದ ಭುವನೇಶ್ವರಕ್ಕೆಂದು ಹೊರಟು ಏಳು ಗಂಟೆಗಳಲ್ಲಿ 65 ಕಿಲೋಮೀಟರ್ ಓಡಿದಾಗ ಚಪ್ಪಾಳೆಯೋ ಚಪ್ಪಾಳೆ. ಕೊನೆಗೆ ಮಗು ಕುಸಿದುಬಿತ್ತು. ಬಳಿಕ ಅಂಥ ಓಟಗಳನ್ನು ಸರ್ಕಾರವೇ ತಡೆಯಬೇಕಾಯಿತು. ಹೈಸ್ಕೂಲು ಮಕ್ಕಳ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ಅವರಿಗೆ ಐದು ಕಿಲೋಮೀಟರ್ ಓಟವೇ ಚೆಂದ. ಅನೇಕ ಅರ್ಧ ಮ್ಯಾರಥಾನ್‌ಗಳಲ್ಲಿ 18 ತುಂಬದವರಿಗೆ ಪ್ರವೇಶವೂ ಇಲ್ಲ. ಅವಸರವಾದರೂ ಏಕೆ? 2020ರಲ್ಲಿ ದೆಹಲಿಯಲ್ಲಿ ಈ ದೂರವನ್ನು 1 ಗಂಟೆ 30 ಸೆಕೆಂಡಿನಲ್ಲಿ ಮುಗಿಸಿ, 61 ನಿಮಿಷದೊಳಗೆ ಓಡಿದ ಮೊದಲ ಭಾರತೀಯರಾದ ಅವಿನಾಶ್ ಸಾಬ್ಳೆ ಓಟವನ್ನು ಗಂಭೀರವಾಗಿ ಹಿಡಿದದ್ದು ಸೇನೆ ಸೇರಿದ ಮೇಲೆ, ಇಪ್ಪತ್ತರ ಆಸುಪಾಸಿನಲ್ಲಿ.

ಹೆಣ್ಣುಮಕ್ಕಳ ತಾಯಂದಿರು ಇನ್ನೆರಡು ಸಂಗತಿ ಗಮನಿಸಬೇಕು. ನಮ್ಮಲ್ಲಿ ರಕ್ತಹೀನತೆ ಸಾಮಾನ್ಯ. ಮಗಳು ಬೇಗ ಸುಸ್ತಾಗುತ್ತಿದ್ದರೆ ಮನಸ್ಸಿಲ್ಲವೆಂದು ಗದರುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮುಟ್ಟು ತಪ್ಪತೊಡಗಿದರೆ, ಓಟಕ್ಕೆ ತಕ್ಕ ಊಟ ಹೊಟ್ಟೆಗೆ ಬೀಳುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ಮೂಳೆಗೂ ಅದು ಕೇಡು. ತೆಳ್ಳಗಾಗಲೆಂದು ಅರೆಹೊಟ್ಟೆಯಲ್ಲಿ ಓಡುವುದು ಗಂಡುಹುಡುಗರಿಗೂ ಸಲ್ಲದು. ನಸುಕಿನ ಕತ್ತಲ ಭಯಕ್ಕೆ ಒಂಟಿಯಾಗಿ ಹೋಗದಿರುವುದೇ ಮದ್ದು. ಅಪ್ಪ ಸೈಕಲ್ಲೇರಿ ಜೊತೆಗೆ ಹೊರಟರೆ ಅವರ ಹೊಟ್ಟೆಗೂ ಒಳ್ಳೆಯದು.

ಖರ್ಚಿನ ವಿಷಯದಲ್ಲಿ ಜಿಪುಣತನ ಮಾಡಬಾರದಾದ ವಸ್ತು ಬೂಟು ಒಂದೇ. ಸಂಜೆ, ಕಾಲು ಸ್ವಲ್ಪ ಊದಿದ ಹೊತ್ತಿನಲ್ಲಿ ಹಾಕಿ ನೋಡಿ ಕೊಳ್ಳಿ. ಹೆಬ್ಬೆರಳ ಮುಂದೆ ಜಾಗವಿರಲಿ. ಊಟಕ್ಕೆ ವಿಶೇಷ ಪುಡಿಗಳೇನೂ ಬೇಡ. ಅನ್ನ, ಮುದ್ದೆ, ಕಾಳು, ಮೊಸರು, ಓಟಕ್ಕೆ ಮುನ್ನ ಬಾಳೆಹಣ್ಣು ಸಾಕು. ನೀರು ಬಾಯಾರಿದಷ್ಟೇ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಂಶ ಇಳಿದಿತ್ತು. ಅತಿಯಾಗಿ ಕುಡಿದದ್ದೇ ದೊಡ್ಡ ಕಾರಣ.

ಪರೀಕ್ಷೆಯೂ ಸ್ಪರ್ಧೆಯೂ ಒಂದೇ ತಿಂಗಳಲ್ಲಿ ಬಂದರೆ ಸ್ಪರ್ಧೆಯನ್ನೇ ಬಿಡುವುದು ಜಾಣತನ. ಓಟ ಮುಂದಿನ ವರ್ಷವೂ ಇರುತ್ತದೆ. ಎದೆನೋವು, ತಲೆಸುತ್ತು ಇದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದವರಿದ್ದರೆ ಅಂಥವರು ವೈದ್ಯರನ್ನು ಕಾಣದೆ ಆರಂಭಿಸಲೇಬಾರದು.

ಸ್ಪರ್ಧೆಯ ದಿನ ಹೊಸ ಬೂಟು, ಹೊಸ ತಿಂಡಿ ಎರಡೂ ಬೇಡ. ಮೊದಲ ಮೂರು ಕಿಲೋಮೀಟರ್ ಗುಂಪಿನ ಜೋರಿಗೆ ಕೊಚ್ಚಿಹೋಗದೆ, ಕಿಲೋಮೀಟರಿಗೆ ಎಂಟು ನಿಮಿಷದಂತೆ ಸಾಗಿದರೂ 2 ಗಂಟೆ 49 ನಿಮಿಷಕ್ಕೆ ಗುರಿ ಸಿಗುತ್ತದೆ. ಮಾರನೆಯ ದಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ತೊಡೆ ಹಿಡಿದುಕೊಂಡಿರುತ್ತದೆ. ಕಾಲೇಜಿಗೆ ಕಾಲು ಗಂಟೆ ಮುಂಚೆ ಹೊರಡುವುದು ಒಳ್ಳೆಯದು.