ಗ್ರಾಮಫೋನು ಯಂತ್ರದ ಧ್ವನಿಶುದ್ಧಿ: ಕಡಿಮೆ ಖರ್ಚಿನ ಕೆಲವು ಉಪಾಯಗಳು

ಹಾಡನ್ನು ತಟ್ಟೆಯ ಮೇಲೆ ಬರೆದಿಡುವ ವಿದ್ಯೆ ನಮ್ಮ ದೇಶಕ್ಕೆ ಬಂದು ಶತಮಾನಕ್ಕೂ ಹೆಚ್ಚು ಕಾಲವಾಯಿತು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದನು. 1948ರಲ್ಲಿ ಅಮೆರಿಕದ ಕೊಲಂಬಿಯ ಸಂಸ್ಥೆಯು ನಿಮಿಷಕ್ಕೆ 33⅓ ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು, ಎಂದರೆ ಎಲ್‌ಪಿಯನ್ನು ಹೊರತಂದಿತು. 1982ರಲ್ಲಿ ಲೇಸರ್ ಕಿರಣದಿಂದ ಓದುವ ಸಿ.ಡಿ. ಬಂದ ಮೇಲೆ ಹಳೆಯ ತಟ್ಟೆಗಳು ಅಟ್ಟ ಸೇರಿದವು. ಈಗ ಅವುಗಳಿಗೆ ಮತ್ತೆ ಆದರ ದೊರೆತಿದೆ. ಅಟ್ಟದಿಂದ ಇಳಿದ ಯಂತ್ರಗಳು ಮತ್ತೆ ತಿರುಗುತ್ತಿವೆ.

ಆದರೆ ಹಾಡಿನ ಜೊತೆಗೆ ಕರಕರ ಸದ್ದು, ಗುಂಯ್ ಎಂಬ ಮೊರೆತ, ಎತ್ತರದ ಸ್ವರಗಳಲ್ಲಿ ಒಡಕು ಇವೂ ಕೇಳಿಬರುತ್ತವೆ. ಬೆಲೆಬಾಳುವ ಹೊಸ ಯಂತ್ರವನ್ನು ಕೊಳ್ಳದೆ ಗತಿಯಿಲ್ಲವೆಂದು ಅನೇಕರು ಭಾವಿಸುತ್ತಾರೆ. ಬಹುಮಟ್ಟಿಗೆ ಇದು ನಿಜವಲ್ಲ. ದೋಷವಿರುವುದು ಹಲವು ವೇಳೆ ಯಂತ್ರದಲ್ಲಲ್ಲ, ಅದನ್ನು ಹೊಂದಿಸಿರುವ ಕ್ರಮದಲ್ಲಿ. ಆ ಕ್ರಮವನ್ನು ತಿದ್ದಲು ಬೇಕಾದುದು ಕಾಗದ, ಅಳತೆಪಟ್ಟಿ, ಸ್ವಲ್ಪ ನೀರು ಮತ್ತು ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರ. ಇಲ್ಲಿ ಇನ್ನೊಂದು ಮಾತನ್ನೂ ನೆನೆಯಬೇಕು. ಕೆಟ್ಟ ಧ್ವನಿಯನ್ನು ನಾವು ಸಹಿಸಬಹುದು. ಆದರೆ ತಪ್ಪಾಗಿ ಹೊಂದಿಸಿದ ಮುಳ್ಳು ತಟ್ಟೆಯನ್ನೇ ಸವೆಸುತ್ತದೆ. ಸವೆದ ತಟ್ಟೆಯನ್ನು ಮೊದಲಿನಂತೆ ಮಾಡುವ ಉಪಾಯ ಯಾವುದೂ ಇಲ್ಲ.

ತೋಡಿನೊಳಗಿನ ಲೋಕ

ಎಲ್‌ಪಿ ತಟ್ಟೆಯ ತೋಡು ನಮ್ಮ ತಲೆಗೂದಲಿನ ದಪ್ಪಕ್ಕಿಂತ ಬಹಳವೇನೂ ಅಗಲವಲ್ಲ. ಅದರ ಎರಡು ಗೋಡೆಗಳು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿವೆ. ಒಂದೊಂದು ಗೋಡೆಯೂ ಒಂದೊಂದು ಕಿವಿಯ ಧ್ವನಿಯನ್ನು ಹೊತ್ತಿರುತ್ತದೆ. ಈ ಸ್ಟೀರಿಯೊ ಪದ್ಧತಿಯನ್ನು ಇಂಗ್ಲೆಂಡಿನ ಆಲನ್ ಬ್ಲೂಮ್‌ಲೀನ್ 1931ರಲ್ಲಿಯೇ ರೂಪಿಸಿ ಸನ್ನದಿಗೆ ಅರ್ಜಿ ಹಾಕಿದ್ದನು. ವಜ್ರದ ಮುಳ್ಳು ಈ ತೋಡಿನಲ್ಲಿ ಸಾಗುವಾಗ ಗೋಡೆಯ ಏರಿಳಿತಗಳಿಗೆ ತಕ್ಕಂತೆ ಅಲುಗುತ್ತದೆ. ಪಿಕಪ್ ಆ ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ.

ಆ ಅಲುಗಾಟ ಎಷ್ಟು ಸೂಕ್ಷ್ಮವೆಂಬುದನ್ನು ಲೆಕ್ಕಹಾಕಿ ನೋಡೋಣ. 10,000 ಹರ್ಟ್ಸ್ ಆವೃತ್ತಿಯ ಸ್ವರವೊಂದರಲ್ಲಿ ಮುಳ್ಳಿನ ಪರಮಾವಧಿ ವೇಗ ಸೆಕೆಂಡಿಗೆ 1 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅದರ ಕಂಪನವಿಸ್ತಾರ ಸುಮಾರು 0.16 ಮೈಕ್ರಾನ್ ಮಾತ್ರ. ಎಂದರೆ ಒಂದು ಮಿಲಿಮೀಟರಿನ ಆರು ಸಾವಿರದ ಒಂದು ಭಾಗ. ಇಷ್ಟು ಸಣ್ಣ ಚಲನೆಯನ್ನು ಗುರುತಿಸಬಲ್ಲ ಯಂತ್ರವು ಮನೆಯವರ ಹೆಜ್ಜೆಯ ಸದ್ದನ್ನೂ ಧೂಳಿನ ಕಣವನ್ನೂ ಗುರುತಿಸದೆ ಇದ್ದೀತೆ? ನಮ್ಮ ಉಪಾಯಗಳೆಲ್ಲದರ ಗುರಿ ಒಂದೇ: ಮುಳ್ಳಿಗೆ ತೋಡಿನ ಚಲನೆಯ ಹೊರತು ಬೇರಾವ ಚಲನೆಯೂ ತಾಗದಂತೆ ನೋಡಿಕೊಳ್ಳುವುದು.

ಮುಳ್ಳಿನ ಭಾರ

ಮೊದಲು ಗಮನಿಸಬೇಕಾದುದು ಮುಳ್ಳು ತಟ್ಟೆಯನ್ನು ಒತ್ತುವ ಭಾರ. ಸಾಮಾನ್ಯವಾದ ಕಾಂತ ಪಿಕಪ್ಪುಗಳಿಗೆ ತಯಾರಕರು 1.5ರಿಂದ 2 ಗ್ರಾಂವರೆಗಿನ ಭಾರವನ್ನು ಸೂಚಿಸುತ್ತಾರೆ. ಇದು ಅಲ್ಪವೆಂದು ತೋರಬಹುದು. ಆದರೆ 1.5 ಗ್ರಾಂ ಭಾರವು 45 ಡಿಗ್ರಿ ಓರೆಯಾದ ಎರಡು ಗೋಡೆಗಳ ಮೇಲೆ ಹಂಚಿಹೋದಾಗ, ಒಂದೊಂದರ ಮೇಲೂ ಲಂಬವಾಗಿ ಸುಮಾರು 1 ಗ್ರಾಂ ಭಾರದ ಬಲ ಬೀಳುತ್ತದೆ. ಮುಳ್ಳು ಗೋಡೆಯನ್ನು ಮುಟ್ಟುವ ಸ್ಥಳವು 3 ಮೈಕ್ರಾನ್ ತ್ರಿಜ್ಯದ ವೃತ್ತವೆಂದು ಎಣಿಸಿದರೆ, ಅಲ್ಲಿಯ ಒತ್ತಡ ಚದರ ಸೆಂಟಿಮೀಟರಿಗೆ 3,500 ಕಿಲೋಗ್ರಾಂ ಭಾರವನ್ನು ಮೀರುತ್ತದೆ!

ಹಾಗಾದರೆ ಭಾರವನ್ನು ಆದಷ್ಟು ಇಳಿಸಿಬಿಡೋಣವೆಂದು ವಾಚಕರು ಯೋಚಿಸಬಹುದು. ಅದೂ ತಪ್ಪು. ಭಾರ ಸಾಲದಾದರೆ ಜೋರಾದ ಸ್ವರಗಳಲ್ಲಿ ಮುಳ್ಳು ಒಂದು ಗೋಡೆಯನ್ನು ಬಿಟ್ಟು ಹಾರಿ ಮತ್ತೆ ಅದಕ್ಕೇ ಬಡಿಯುತ್ತದೆ. ನಮಗೆ ಕೇಳಿಸುವ ಒಡಕು ಈ ಬಡಿತದ್ದೇ. ತುಸು ಹೆಚ್ಚಿನ ಭಾರಕ್ಕಿಂತ ಈ ಬಡಿತವೇ ಗೋಡೆಗೆ ಹೆಚ್ಚು ಹಾನಿಕರ. ಆದುದರಿಂದ ತಯಾರಕರು ಹೇಳಿದ ಮಿತಿಯೊಳಗೆ, ಅದರ ಮೇಲಿನ ಅರ್ಧದಲ್ಲಿ ಭಾರವನ್ನಿಡುವುದು ಕ್ಷೇಮ.

ಈ ಭಾರವನ್ನು ಅಳೆಯಲು ತಕ್ಕಡಿಯೊಂದನ್ನು ಮನೆಯಲ್ಲಿಯೇ ಮಾಡಬಹುದು. 15 ಸೆಂಟಿಮೀಟರಿನ ಪ್ಲಾಸ್ಟಿಕ್ ಅಳತೆಪಟ್ಟಿಯ ಅಡಿಯಲ್ಲಿ, ನಟ್ಟನಡುವೆ, ಬೆಂಕಿಕಡ್ಡಿಯೊಂದನ್ನು ಅಡ್ಡಲಾಗಿ ಅಂಟಿಸಿರಿ. ನಡುವಿನಿಂದ 3 ಸೆಂಟಿಮೀಟರ್ ದೂರದಲ್ಲಿ ನೀರಿನ ಬಾಟಲಿಯ ಮುಚ್ಚಳವನ್ನು ಬೋರಲಾಗದಂತೆ ಅಂಟಿಸಿರಿ. ಇನ್ನೊಂದು ಪಕ್ಕದಲ್ಲಿ 6 ಸೆಂಟಿಮೀಟರ್ ದೂರದಲ್ಲಿ ಒಂದು ಗುರುತು ಮಾಡಿ, ಬರಿದಾದ ಪಟ್ಟಿಯು ಸಮನಾಗಿ ನಿಲ್ಲುವಂತೆ ಆ ಬದಿಗೆ ಚೂರು ಜೇಡಿಮಣ್ಣನ್ನು ಮೆತ್ತಿರಿ. ಇನ್ನು ಔಷಧದಂಗಡಿಯಲ್ಲಿ ಸಿಕ್ಕುವ ಸಿರಿಂಜಿನಿಂದ, ಸೂಜಿಯನ್ನು ತೆಗೆದು, ಮುಚ್ಚಳಕ್ಕೆ 4 ಮಿಲಿಲೀಟರ್ ನೀರನ್ನು ಹಾಕಿರಿ. ಒಂದು ಮಿಲಿಲೀಟರ್ ನೀರಿನ ತೂಕ ಒಂದು ಗ್ರಾಂ. ಸನ್ನೆಕೋಲಿನ ನಿಯಮದಂತೆ 3 ಸೆಂಟಿಮೀಟರ್ ದೂರದ 4 ಗ್ರಾಂ, 6 ಸೆಂಟಿಮೀಟರ್ ದೂರದ 2 ಗ್ರಾಂಗೆ ಸಮ.

ಯಂತ್ರವನ್ನು ನಿಲ್ಲಿಸಿ, ತಿರುಗುಮಣೆಯ ಮೇಲೆ ಈ ತಕ್ಕಡಿಯನ್ನಿಟ್ಟು, ಗುರುತಿನ ಮೇಲೆ ಮುಳ್ಳನ್ನು ಮೆಲ್ಲಗೆ ಇಳಿಸಬೇಕು. ತೋಳಿನ ಹಿಂಬದಿಯ ಸರಿತೂಕವನ್ನು ಹಿಂದೆ ಮುಂದೆ ಸರಿಸುತ್ತ, ಪಟ್ಟಿಯು ಯಾವ ಕಡೆಗೂ ಬೀಳದೆ ತೂಗಾಡುವಂತೆ ಮಾಡಿದರೆ ಭಾರ ಸರಿಯಾಗಿ 2 ಗ್ರಾಂ. 1.8 ಗ್ರಾಂ ಬೇಕೆಂದರೆ 3.6 ಮಿಲಿಲೀಟರ್ ನೀರು ಸಾಕು. ಪಿಕಪ್ಪಿನಲ್ಲಿ ಅಯಸ್ಕಾಂತವಿರುವುದರಿಂದ ತಕ್ಕಡಿಯಲ್ಲಿ ಕಬ್ಬಿಣದ ಮೊಳೆ, ಗುಂಡುಸೂಜಿಗಳನ್ನು ಎಂದೂ ಬಳಸಕೂಡದು.

ತೋಳಿನ ಕೋನ

ತಟ್ಟೆಯನ್ನು ಕೊರೆಯುವ ಉಳಿ ತ್ರಿಜ್ಯದ ಗುಂಟ ನೇರವಾಗಿ ಚಲಿಸುತ್ತದೆ. ನಮ್ಮ ಯಂತ್ರದ ತೋಳಾದರೋ ಒಂದು ಬದಿಯ ತಿರುಗಣಿಯ ಸುತ್ತ ಕಂಸದಲ್ಲಿ ಚಲಿಸುತ್ತದೆ. ಆದುದರಿಂದ ಮುಳ್ಳು ತೋಡಿಗೆ ಎಲ್ಲ ಕಡೆಯೂ ಸ್ಪರ್ಶರೇಖೆಯಾಗಿರುವುದು ಅಸಾಧ್ಯ; ಎರಡು ಸ್ಥಳಗಳಲ್ಲಿ ಮಾತ್ರ ಸಾಧ್ಯ. ಆ ಎರಡು ಸ್ಥಳಗಳು ಎಲ್ಲಿದ್ದರೆ ಒಟ್ಟು ವಿಕೃತಿ ಕನಿಷ್ಠವಾಗುವುದೆಂಬ ಗಣಿತವನ್ನು 1938ರಲ್ಲಿ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್ ಎಂಬುವರು ಬಿಡಿಸಿದರು. ಅದರಂತೆ ಎಲ್‌ಪಿ ತಟ್ಟೆಗಳಿಗೆ ಹೊಂದುವ ಸ್ಥಳಗಳು ಕೇಂದ್ರದಿಂದ 66.0 ಮತ್ತು 120.9 ಮಿಲಿಮೀಟರ್ ದೂರದಲ್ಲಿವೆ.

ದಪ್ಪ ಕಾಗದದಲ್ಲಿ ತಿರುಗುಮಣೆಯ ನಡುಗಡ್ಡಿಗೆ ಸರಿಹೋಗುವ ರಂಧ್ರ ಮಾಡಿ, ಅದರ ಕೇಂದ್ರದಿಂದ ಒಂದು ಸರಳರೇಖೆಯನ್ನೆಳೆದು, ಈ ಎರಡು ಬಿಂದುಗಳನ್ನು ಗುರುತಿಸಿರಿ. ಒಂದೊಂದು ಬಿಂದುವಿನಲ್ಲಿಯೂ ಆ ರೇಖೆಗೆ ಲಂಬವಾದ ಕೆಲವು ಸಮಾಂತರ ಗೆರೆಗಳನ್ನೆಳೆಯಿರಿ. ಮುಳ್ಳನ್ನು ಮೊದಲನೆಯ ಬಿಂದುವಿನ ಮೇಲಿಟ್ಟು ಮೇಲಿನಿಂದ ನೋಡಿದಾಗ, ಮುಳ್ಳನ್ನು ಹೊತ್ತ ಸಣ್ಣ ಕಡ್ಡಿಯು ಆ ಗೆರೆಗಳಿಗೆ ಸಮಾಂತರವಾಗಿರಬೇಕು. ಕಾಗದವನ್ನು ತಿರುಗಿಸಿ ಎರಡನೆಯ ಬಿಂದುವಿನಲ್ಲಿ ನೋಡಿದಾಗಲೂ ಹಾಗೆಯೇ ಇರಬೇಕು. ಇಲ್ಲವಾದರೆ ಪಿಕಪ್ಪಿನ ತಿರುಪುಗಳನ್ನು ಸಡಿಲಿಸಿ, ಅದನ್ನು ಮುಂದಕ್ಕೊ ಹಿಂದಕ್ಕೊ ಸರಿಸಿ, ಬೇಕಾದರೆ ತುಸು ತಿರುಗಿಸಿ, ಎರಡೂ ಕಡೆ ಸರಿಹೋಗುವವರೆಗೆ ಪ್ರಯತ್ನಿಸಬೇಕು. ಆಮೇಲೆ ಭಾರವನ್ನು ಮತ್ತೊಮ್ಮೆ ಅಳೆಯಲು ಮರೆಯಬಾರದು.

ಈ ಶ್ರಮದ ಫಲ ತಟ್ಟೆಯ ಒಳಸುತ್ತುಗಳಲ್ಲಿ ಹೆಚ್ಚು ತಿಳಿಯುತ್ತದೆ. ತಟ್ಟೆ ತಿರುಗುವ ವೇಗ ಒಂದೇ ಆದರೂ, ಹೊರಸುತ್ತಿನಲ್ಲಿ ತೋಡು ಮುಳ್ಳಿನಡಿಯಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡಿದರೆ, ಒಳಸುತ್ತಿನಲ್ಲಿ ಓಡುವುದು ಸುಮಾರು 21 ಸೆಂಟಿಮೀಟರ್ ಮಾತ್ರ. ಅಲ್ಲಿ 10,000 ಹರ್ಟ್ಸಿನ ಒಂದು ಅಲೆ 21 ಮೈಕ್ರಾನಿನಲ್ಲಿ ಅಡಕವಾಗಬೇಕು. ಇಂತಹ ಇಕ್ಕಟ್ಟಿನಲ್ಲಿ ಕೋನದ ಸಣ್ಣ ತಪ್ಪೂ ಕಿವಿಗೆ ಬೀಳುತ್ತದೆ.

ಅನುರಣನೆ

ತೋಳು ಮತ್ತು ಪಿಕಪ್ಪುಗಳು ಒಂದು ದ್ರವ್ಯರಾಶಿ. ಮುಳ್ಳಿನ ಕಡ್ಡಿಯನ್ನು ಹಿಡಿದ ರಬ್ಬರು ಒಂದು ಸ್ಪ್ರಿಂಗು. ಸ್ಪ್ರಿಂಗಿಗೆ ಕಟ್ಟಿದ ಗುಂಡಿನಂತೆ ಇವಕ್ಕೂ ಸ್ವಾಭಾವಿಕವಾದ ಒಂದು ಆವೃತ್ತಿಯುಂಟು. ದ್ರವ್ಯರಾಶಿಯನ್ನು ಗ್ರಾಂಗಳಲ್ಲಿಯೂ, ಸ್ಪ್ರಿಂಗಿನ ನಮ್ಯತೆಯನ್ನು ಮಿಲಿನ್ಯೂಟನ್ನಿಗೆ ಇಷ್ಟು ಮೈಕ್ರಾನ್ ಎಂದೂ ಅಳೆದು, ಎರಡರ ಗುಣಲಬ್ಧದ ವರ್ಗಮೂಲದಿಂದ 159ನ್ನು ಭಾಗಿಸಿದರೆ ಆವೃತ್ತಿಯು ಹರ್ಟ್ಸ್‌ಗಳಲ್ಲಿ ದೊರೆಯುತ್ತದೆ. ಪರಿಣಾಮಕ ದ್ರವ್ಯರಾಶಿ 18 ಗ್ರಾಂ, ನಮ್ಯತೆ 15 ಆದರೆ ಉತ್ತರ 9.7 ಹರ್ಟ್ಸ್. ಇದು ಉತ್ತಮ. ಏಕೆಂದರೆ ಸೊಟ್ಟಗಾದ ತಟ್ಟೆಯ ಏರಿಳಿತಗಳು ಇದಕ್ಕಿಂತ ಕೆಳಗೂ, ಸಂಗೀತದ ಸ್ವರಗಳು 20 ಹರ್ಟ್ಸ್‌ಗಿಂತ ಮೇಲೂ ಇರುತ್ತವೆ. 8ರಿಂದ 12ರವರೆಗಿನ ಈ ನಡುಜಾಗದಲ್ಲಿ ಅನುರಣನೆಯನ್ನು ನಿಲ್ಲಿಸುವುದೇ ಜಾಣತನ.

ಅದೇ ತೋಳಿಗೆ ಬಿರುಸಾದ, ನಮ್ಯತೆ 7 ಇರುವ ಪಿಕಪ್ಪನ್ನು ಜೋಡಿಸಿದರೆ ಆವೃತ್ತಿ 14 ಹರ್ಟ್ಸ್‌ಗೆ ಏರುತ್ತದೆ. ಆಗ ಪಿಕಪ್ಪಿನ ಮೇಲ್ಬದಿಯಲ್ಲಿ 8 ಗ್ರಾಂ ತೂಕದ ಹಿತ್ತಾಳೆಯ ಚೂರನ್ನು ಸೇರಿಸಿದರೆ ಅದು 12ರ ಒಳಗೆ ಇಳಿಯುತ್ತದೆ.

ನೆಲದ ನಡುಕ, ತಂತಿಯ ಮೊರೆತ

ಯಂತ್ರಕ್ಕೆ ಹೊರಗಿನ ಕಂಪನ ತಾಗುತ್ತಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಮೋಟಾರನ್ನು ನಿಲ್ಲಿಸಿ, ನಿಂತ ತಟ್ಟೆಯ ಮೇಲೆ ಮುಳ್ಳನ್ನಿಟ್ಟು, ಧ್ವನಿಯನ್ನು ಮಿತವಾಗಿ ಏರಿಸಿ, ಮೇಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿರಿ. ಧ್ವನಿವರ್ಧಕದಲ್ಲಿ ಧಡ್ ಎಂದು ಕೇಳಿದರೆ ಆಧಾರ ಸರಿಯಿಲ್ಲವೆಂದು ಅರ್ಥ. ಮೊದಲು ಧ್ವನಿವರ್ಧಕಗಳನ್ನು ಯಂತ್ರವಿರುವ ಮೇಜಿನಿಂದ ಇಳಿಸಬೇಕು. ಅನಂತರ ಭಾರವಾದ ಹಲಗೆಯ ಮೇಲೆ ಯಂತ್ರವನ್ನಿಟ್ಟು, ಹಲಗೆಯ ಅಡಿಯಲ್ಲಿ ಮೆತುವಾದ ಆಧಾರ ಕೊಡಬೇಕು. ಅರೆಗಾಳಿ ತುಂಬಿದ ಸೈಕಲ್ ಟ್ಯೂಬು ಇದಕ್ಕೆ ಒದಗುತ್ತದೆ. ಸ್ಪ್ರಿಂಗಿನಂತಹ ಆಧಾರವು ಯಂತ್ರದ ತೂಕಕ್ಕೆ 1 ಸೆಂಟಿಮೀಟರ್ ಕುಸಿದರೆ ಅದರ ಸ್ವಾಭಾವಿಕ ಆವೃತ್ತಿ 5 ಹರ್ಟ್ಸ್. ತಡೆ ಅತ್ಯಲ್ಪವಾಗಿದ್ದರೆ 50 ಹರ್ಟ್ಸಿನ ನಡುಕದಲ್ಲಿ ಸುಮಾರು ನೂರರ ಒಂದು ಪಾಲು ಮಾತ್ರ ಮೇಲಕ್ಕೆ ದಾಟುತ್ತದೆ. ಆದರೆ 7 ಹರ್ಟ್ಸ್‌ಗಿಂತ ಕೆಳಗಿನ ನಡುಕವನ್ನು ಇಂತಹ ಆಧಾರ ಹೆಚ್ಚಿಸುವುದೇ ಹೊರತು ತಗ್ಗಿಸದು. ಆದುದರಿಂದ ಹೆಜ್ಜೆಯಿಟ್ಟರೆ ಅಲುಗುವ ಮರದ ಅಂತಸ್ತಿನಲ್ಲಿ, ಗೋಡೆಗೆ ಹೊಡೆದ ಗಟ್ಟಿಯಾದ ಹಲಗೆಯೇ ಮೇಲು. ಹಲಗೆ ಎಲ್ಲಿದ್ದರೂ ಮಟ್ಟಸವಾಗಿರಬೇಕು.

ಕಾಂತ ಪಿಕಪ್ಪಿನಿಂದ ಬರುವ ವಿದ್ಯುದ್ವಿಭವ ಕೆಲವೇ ಮಿಲಿವೋಲ್ಟು. ಆದುದರಿಂದ 50 ಹರ್ಟ್ಸಿನ ಮನೆವಿದ್ಯುತ್ತು ಅದರೊಳಗೆ ಸುಲಭವಾಗಿ ನುಸುಳಿ ಮೊರೆಯುತ್ತದೆ. ಯಂತ್ರದ ಭೂತಂತಿಯನ್ನು ವರ್ಧಕದ ಭೂತಿರುಪಿಗೆ ಬಿಗಿಯುವುದು, ಟ್ರಾನ್ಸ್‌ಫಾರ್ಮರನ್ನು ದೂರವಿಡುವುದು ಇದಕ್ಕೆ ಮದ್ದು. ತಂತಿಯ ಉದ್ದವೂ ಮುಖ್ಯ. ಪಿಕಪ್ಪಿನ ಸುರುಳಿಯ ಪ್ರೇರಕತೆ 0.5 ಹೆನ್ರಿ ಇದ್ದು, ತಂತಿ ಮತ್ತು ವರ್ಧಕಗಳ ಧಾರಕತೆ 250 ಪಿಕೊಫ್ಯಾರಡ್ ಇದ್ದರೆ ಅವೆರಡರ ಅನುರಣನೆ 14,000 ಹರ್ಟ್ಸ್‌ನಲ್ಲಿ. ಉದ್ದ ತಂತಿಯಿಂದ ಧಾರಕತೆ 500ಕ್ಕೆ ಏರಿದರೆ ಅದು 10,000ಕ್ಕೆ ಇಳಿಯುತ್ತದೆ, ಅದರಿಂದ ಮೇಲಿನ ಸ್ವರಗಳು ಮಂಕಾಗುತ್ತವೆ. ಇಲ್ಲಿ ಬೇಕಾದುದು ದುಬಾರಿ ತಂತಿಯಲ್ಲ, ಗಿಡ್ಡ ತಂತಿ.

ಹಿರಿಯರ ತಟ್ಟೆಗಳು

ಧೂಳು ತೋಡಿನಲ್ಲಿ ಉಳಿದರೆ ಮುಳ್ಳು ಅದನ್ನು ಗೋಡೆಗೆ ಅರೆಯುತ್ತದೆ. ಎಲ್‌ಪಿ ತಟ್ಟೆಯನ್ನು ಬಟ್ಟಿಯಿಳಿಸಿದ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೃದುವಾದ ಬಟ್ಟೆಯಿಂದ ತೋಡಿನ ಗುಂಟವೇ ಒರೆಸಿ, ಬರಿಯ ಬಟ್ಟಿನೀರಿನಲ್ಲಿ ತೊಳೆದು ಆರಿಸಬೇಕು. ನಡುವಿನ ಚೀಟಿ ನೆನೆಯಬಾರದು.

ಅಜ್ಜಂದಿರ ಕಾಲದ 78 ಸುತ್ತಿನ ತಟ್ಟೆಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಅವುಗಳಲ್ಲಿ ಹೆಚ್ಚಿನವು ಅರಗಿನಿಂದ ಆದವು. ಅರಗು ಮದ್ಯಸಾರದಲ್ಲಿ ಕರಗುವುದರಿಂದ ಸ್ಪಿರಿಟ್ಟನ್ನು ಅವಕ್ಕೆ ಸೋಕಿಸಲೇಬಾರದು. ಮತ್ತು ಅವುಗಳ ತೋಡು ಅಗಲ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78ರ ತಟ್ಟೆಗೆ ಬೇಕಾದುದು ಸುಮಾರು 70. ಚಿಕ್ಕ ಮುಳ್ಳು ಆ ತೋಡಿನ ತಳದ ಕಸದಲ್ಲಿ ಉರುಳಾಡುತ್ತದೆ. ಹಾಡು ಸವೆದುಹೋಗಿದೆಯೆಂದು ಮೂಲೆಗೆಸೆದ ಎಷ್ಟೋ ತಟ್ಟೆಗಳು ತಕ್ಕ ಮುಳ್ಳು ಸಿಕ್ಕರೆ ಇನ್ನೂ ಹಾಡಬಲ್ಲವು.

ಮಾರ್ಪಾಡುಗಳನ್ನು ಒಂದೊಂದಾಗಿ ಮಾಡಿ, ಪ್ರತಿಸಲವೂ ಒಂದೇ ತಟ್ಟೆಯ ಒಂದೇ ಭಾಗವನ್ನು ಒಂದೇ ಜೋರಿನಲ್ಲಿ ಕೇಳಬೇಕು. ಸಾಧ್ಯವಾದರೆ, ಏನು ಬದಲಾಯಿತೆಂದು ತಿಳಿಯದ ಸ್ನೇಹಿತರೊಬ್ಬರನ್ನೂ ಕೇಳಿಸಿ ನೋಡಬೇಕು. ನಮ್ಮ ಕಿವಿ ನಮ್ಮ ಆಸೆಗೆ ಬೇಗ ಒಲಿಯುತ್ತದೆ. ಹೀಗೆ ಪರೀಕ್ಷಿಸಿ ನಿಜವೆಂದು ಕಂಡದ್ದನ್ನು ಉಳಿಸಿಕೊಂಡು, ಉಳಿದುದನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಮತ್ತೆ ಅಚ್ಚಾಗದ ತಟ್ಟೆಯೊಂದು ಮನೆಯಲ್ಲಿದ್ದರೆ, ಅದನ್ನು ಯಂತ್ರಕ್ಕೆ ಏರಿಸುವ ಮುನ್ನ ಬೆಂಕಿಕಡ್ಡಿಯ ಆ ತಕ್ಕಡಿಯನ್ನು ಮಾಡಿಕೊಳ್ಳುವುದು ಮೊದಲ ಕೆಲಸವಾಗಲಿ.