ಮತಗಟ್ಟೆಯಲ್ಲಿ ಸಾಲು, ಗ್ರಾಮಸಭೆಯಲ್ಲಿ ಖಾಲಿ ಕುರ್ಚಿ

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ಮತದಾನ ಶೇಕಡಾ 81ನ್ನು ದಾಟಿತು. ಅದೇ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದ ಮತದಾನ ಶೇಕಡಾ 53ರ ಆಸುಪಾಸಿನಲ್ಲಿಯೇ ನಿಂತಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿರಿಸಿ, ಮತದಾರರ ನಿರಾಸಕ್ತಿ ನಗರದ ಕಾಯಿಲೆ, ಹಳ್ಳಿಗೆ ಅದು ತಟ್ಟಿಲ್ಲ ಎಂದು ಹೇಳುವುದು ವಾಡಿಕೆಯಾಗಿದೆ. ಮತಗಟ್ಟೆಯ ಮಟ್ಟಿಗೆ ಈ ಮಾತು ನಿಜ. ಆದರೆ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತು ಮತ ಹಾಕಿದ ಊರಿನವರೇ ಆರು ತಿಂಗಳ ನಂತರದ ಗ್ರಾಮಸಭೆಗೆ ಬರುವುದಿಲ್ಲ. ಗ್ರಾಮೀಣ ಪ್ರದೇಶದ ನಿರಾಸಕ್ತಿಯನ್ನು ಹುಡುಕಬೇಕಾದದ್ದು ಮತದಾನದ ದಿನದಲ್ಲಲ್ಲ, ಒಂದು ಮತದಾನಕ್ಕೂ ಮುಂದಿನ ಮತದಾನಕ್ಕೂ ನಡುವಿನ ಐದು ವರ್ಷಗಳಲ್ಲಿ.

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ 243ಎ ಅನುಚ್ಛೇದದ ಮೂಲಕ ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ವಾರ್ಡ್ ಸಭೆ ಮತ್ತು ಗ್ರಾಮಸಭೆಗಳನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಸಬೇಕೆಂದು ವಿಧಿಸಿದೆ. ಗ್ರಾಮಸಭೆಗೆ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ ಇರಬೇಕು. ಹಾಜರಿದ್ದವರಲ್ಲಿ ಮಹಿಳೆಯರು ಶೇಕಡಾ 30ಕ್ಕೆ ಕಡಿಮೆ ಇರಬಾರದು. ನಾಲ್ಕು ಸಾವಿರ ಮತದಾರರಿರುವ ಪಂಚಾಯಿತಿಯೊಂದನ್ನು ಊಹಿಸಿಕೊಂಡರೆ ಕಾನೂನು ಕೇಳುವುದು ನೂರು ಜನರನ್ನು, ಅಂದರೆ ನಲವತ್ತು ಮಂದಿಗೆ ಒಬ್ಬರನ್ನು ಮಾತ್ರ. ಅಷ್ಟೂ ಸೇರದಿದ್ದಾಗ ಹಾಜರಾತಿ ಪುಸ್ತಕವನ್ನು ಮನೆಮನೆಗೆ ಕೊಂಡೊಯ್ದು ಸಹಿ ಪಡೆಯುವ ಪದ್ಧತಿ ಕೆಲವೆಡೆ ಬೆಳೆದಿದೆ. ಅದನ್ನು ಸಭೆ ಎನ್ನಲಾಗದು; ಸಭೆ ನಡೆದಿದೆ ಎಂಬುದಕ್ಕೆ ತಯಾರಿಸಿದ ದಾಖಲೆ ಎನ್ನಬಹುದು.

ಇದರಿಂದ ಆಗುವ ನಷ್ಟ ಯಾರಿಗೆ? ವಸತಿ ಯೋಜನೆಯ ಫಲಾನುಭವಿಗಳನ್ನು ಆಯ್ಕೆ ಮಾಡುವ ವೇದಿಕೆ ಗ್ರಾಮಸಭೆಯೇ. ಮಳೆಗಾಲದಲ್ಲಿ ತಗಡಿನ ಕೆಳಗೆ ಪಾತ್ರೆಯಿಟ್ಟು ರಾತ್ರಿ ಕಳೆಯುವ ಕುಟುಂಬ ಆ ದಿನ ಕೂಲಿಗೆ ಹೋಗಿದ್ದು, ಸಭೆಯಲ್ಲಿ ಹತ್ತಿಪ್ಪತ್ತು ಮಂದಿ ಪರಿಚಿತರಷ್ಟೇ ಕುಳಿತಿದ್ದರೆ ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಮಾಣಿಕ ಸದಸ್ಯರಿಗೂ ನಷ್ಟವಿದೆ. ಜನರ ಎದುರು ಚರ್ಚೆಯಾಗಿ ಅಂಗೀಕಾರವಾದ ಪಟ್ಟಿಯ ಮೇಲೆ ನಾಳೆ ದೂರು ಬಂದರೆ ನಡಾವಳಿಯೇ ಸದಸ್ಯರ ಪರವಾಗಿ ನಿಲ್ಲುತ್ತದೆ. ಖಾಲಿ ಸಭೆಯ ನಡಾವಳಿಗೆ ಆ ಬಲವಿರುವುದಿಲ್ಲ.

ಚುನಾಯಿತ ಸದಸ್ಯರನ್ನು ಮತದಾರರು ಅವಧಿಯ ನಡುವೆ ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕಿನ ಬಗ್ಗೆ ಆಗಾಗ ಚರ್ಚೆ ನಡೆಯುತ್ತದೆ. ಹರಿಯಾಣ ರಾಜ್ಯ 2020ರಲ್ಲಿ ಸರಪಂಚರ ವಿಷಯದಲ್ಲಿ ಅಂಥ ಕಾನೂನನ್ನು ತಂದಿದೆ. ಕರ್ನಾಟಕದ ಅಧಿನಿಯಮದಲ್ಲಿ ಆ ವ್ಯವಸ್ಥೆ ಇಲ್ಲ. ಹಾಗಿರುವಾಗ ಐದು ವರ್ಷಗಳ ಅವಧಿಯಲ್ಲಿ ನಾಗರಿಕರು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬಹುದಾದ ಸ್ಥಳಗಳು ಬೆರಳೆಣಿಕೆಯಷ್ಟು: ವಾರ್ಡ್ ಸಭೆ, ಗ್ರಾಮಸಭೆ, ಜಮಾಬಂದಿ ಮತ್ತು ಮಾಹಿತಿ ಹಕ್ಕಿನ ಅರ್ಜಿ. 2020ರ ಡಿಸೆಂಬರ್ ತಿಂಗಳ ಗ್ರಾಮ ಪಂಚಾಯಿತಿ ಚುನಾವಣೆಯ ವೇಳೆ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗ ಕಾನೂನು ಕ್ರಮದ ಎಚ್ಚರಿಕೆ ನೀಡಬೇಕಾಯಿತು. ಹರಾಜಿನ ಹಣದಿಂದ ದೇವಸ್ಥಾನ ಕಟ್ಟುತ್ತೇವೆ ಎಂಬುದು ಇಂಥ ಸಂದರ್ಭಗಳಲ್ಲಿ ಕೇಳಿಬರುವ ಸಮರ್ಥನೆ. ಹಣ ಕೊಟ್ಟು ಸ್ಥಾನ ಪಡೆದವರನ್ನು ಆ ಮೇಲೆ ಲೆಕ್ಕ ಕೇಳುವ ನೈತಿಕ ಬಲ ಊರಿಗೆ ಉಳಿಯುತ್ತದೆಯೇ ಎಂಬುದನ್ನು ಹರಾಜಿನ ಕಟ್ಟೆಯಲ್ಲಿ ಯಾರೂ ಕೇಳಿದಂತಿಲ್ಲ.

ಜನರು ಬಾರದಿರುವುದಕ್ಕೆ ಸೋಮಾರಿತನವನ್ನು ಕಾರಣವಾಗಿ ಹೇಳುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಕಾರರಿಗೆ ಅದು ಒಂದು ದಿನದ ಸಂಬಳದ ಪ್ರಶ್ನೆಯಾಗುತ್ತದೆ. ಕಳೆದ ಸಭೆಯಲ್ಲಿ ಕೇಳಿದ ಬೀದಿದೀಪ ಏನಾಯಿತೆಂದು ಈ ಸಭೆಯಲ್ಲಿ ಯಾರೂ ಹೇಳದಿದ್ದರೆ ಮುಂದಿನ ಬಾರಿ ಬರಲು ಕಾರಣ ಉಳಿಯುವುದಿಲ್ಲ. ಕಾರ್ಯಸೂಚಿಯ ಮೊದಲ ವಿಷಯವಾಗಿ ಹಿಂದಿನ ನಡಾವಳಿಯನ್ನೂ ಅದರ ಮೇಲೆ ಕೈಗೊಂಡ ಕ್ರಮವನ್ನೂ ಓದಿ ಹೇಳುವುದು, ಆಗದೇ ಇದ್ದ ಕೆಲಸಕ್ಕೆ ಕಾರಣ ಕೊಡುವುದು, ಡಂಗುರ ಸಾರಿಸುವುದಕ್ಕಿಂತ ಹೆಚ್ಚು ಜನರನ್ನು ಕರೆತರುತ್ತದೆ. ಕಾರಣ ಕೊಡಲು ಅನುದಾನದ ಸ್ವರೂಪ ತಿಳಿದಿರಬೇಕು. ಉದಾಹರಣೆಗೆ, 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ನೀಡಿದ ಅನುದಾನದಲ್ಲಿ ಶೇಕಡಾ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ರಸ್ತೆ ಕೇಳಿದವರಿಗೆ ‘ಹಣವಿಲ್ಲ’ ಎನ್ನುವುದಕ್ಕೂ ‘ಹಣವಿದೆ, ಆದರೆ ರಸ್ತೆಗೆ ಬಳಸಲು ಅವಕಾಶವಿಲ್ಲ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಲೆಕ್ಕ ಕೇಳುವುದು ಓದಿದವರ ಕೆಲಸ ಎಂಬ ಭಾವನೆಯೂ ಜನರನ್ನು ದೂರವಿಟ್ಟಿದೆ. ವಾಸ್ತವದಲ್ಲಿ ಒಂದು ಅಳತೆ ಟೇಪು ಸಾಕಾಗುತ್ತದೆ. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆಗೆ ಬೇಕಾಗುವ ಕಾಂಕ್ರೀಟ್ 45 ಘನ ಮೀಟರ್. ಒಂದು ಘನ ಮೀಟರಿಗೆ ಸುಮಾರು ಎಂಟು ಚೀಲದಂತೆ ಸಿಮೆಂಟ್ ಸುಮಾರು 360 ಚೀಲ. ದಪ್ಪ ಹತ್ತು ಸೆಂಟಿಮೀಟರಿಗೆ ಇಳಿದರೆ ಉದ್ದ, ಅಗಲ ಎರಡೂ ಸರಿಯಾಗಿಯೇ ಕಾಣುತ್ತವೆ. ಆದರೆ ಸುಮಾರು 120 ಚೀಲ ಸಿಮೆಂಟ್ ಆ ರಸ್ತೆಗೆ ಬಿದ್ದೇ ಇರುವುದಿಲ್ಲ. ದಪ್ಪವನ್ನು ನೋಡಲು ಸೂಕ್ತ ಸಮಯ ರಸ್ತೆಯ ಅಂಚಿಗೆ ಮಣ್ಣು ತುಂಬುವ ಮೊದಲು. ಅಂದಾಜು ಪಟ್ಟಿಯ ಮುಖ್ಯ ಅಂಶಗಳನ್ನು ಕಾಮಗಾರಿಯ ನಾಮಫಲಕದಲ್ಲಿ ಮೊತ್ತದ ಜೊತೆಗೆ ದಪ್ಪವನ್ನೂ ಸೇರಿಸಿ ಬರೆಸಿದರೆ ಆ ಬೀದಿಯ ನಿವಾಸಿಗಳೇ ಅಳೆದು ನೋಡುತ್ತಾರೆ. ಗುತ್ತಿಗೆದಾರರಿಗೆ ಇದು ಹಿತವಾಗದಿರಬಹುದು. ಸದಸ್ಯರಿಗೆ ಮಾತ್ರ ಇದು ರಕ್ಷಣೆ.

ದಾಖಲೆಗಳು ಈಗ ಕಚೇರಿಯ ಕಪಾಟಿಗೆ ಸೀಮಿತವಾಗಿಲ್ಲ. ಯೋಜನೆ ಮತ್ತು ಪಾವತಿಯ ವಿವರಗಳನ್ನು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ನೋಡಬಹುದು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣವು ಹಲವು ಮಾಹಿತಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಹೇಳುತ್ತದೆ. ಅರ್ಜಿ ಬಂದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು. ಅರ್ಜಿದಾರರನ್ನು ವಿರೋಧಿ ಗುಂಪಿನವರೆಂದು ಗುರುತಿಸುವ ಅಭ್ಯಾಸ ಕೆಲವು ಪಂಚಾಯಿತಿಗಳಲ್ಲಿದೆ. ಅರ್ಜಿ ಹಾಕುವಷ್ಟು ಆಸಕ್ತಿ ಉಳಿಸಿಕೊಂಡಿರುವ ನಾಗರಿಕರು ಒಂದು ಊರಿನಲ್ಲಿ ಎಷ್ಟು ಮಂದಿ ಇದ್ದಾರು? ಅವರನ್ನು ಗ್ರಾಮಸಭೆಗೆ ಆಹ್ವಾನಿಸಿ, ಕೇಳಿದ್ದನ್ನು ಎಲ್ಲರ ಎದುರಿನಲ್ಲಿ ಕೇಳಲು ಅವಕಾಶ ನೀಡಿದರೆ ಅರ್ಜಿಗಳ ಸಂಖ್ಯೆಯೂ ತಗ್ಗುತ್ತದೆ.

ಇನ್ನು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ಆರ್ಥಿಕ ವರ್ಷದ ಲೆಕ್ಕಪತ್ರಗಳನ್ನು ಜನರ ಮುಂದಿಟ್ಟು, ಕಾಮಗಾರಿಗಳನ್ನು ಸ್ಥಳದಲ್ಲಿಯೇ ಪರಿಶೀಲಿಸುವ ಈ ಕ್ರಮ ಬಹುತೇಕ ಗ್ರಾಮಸ್ಥರ ಗಮನಕ್ಕೆ ಬಾರದೆ ಮುಗಿದುಹೋಗುತ್ತದೆ. ಅವಧಿ ಮಳೆಗಾಲದಲ್ಲಿ ಬರುವುದು ಒಂದು ಅನುಕೂಲವೇ: ಚರಂಡಿಯ ಇಳಿಜಾರು ಸರಿಯಿದೆಯೇ, ಮೋರಿಯ ಕೊಳವೆ ಸಾಲುತ್ತದೆಯೇ ಎಂಬುದನ್ನು ನೀರೇ ತೋರಿಸಿಕೊಡುತ್ತದೆ. ಪರಿಶೀಲನಾ ತಂಡ ಯಾವ ದಿನ ಯಾವ ಬೀದಿಗೆ ಬರಲಿದೆ ಎಂಬುದನ್ನು ಆಯಾ ವಾರ್ಡಿನ ಸದಸ್ಯರು ಎರಡು ದಿನ ಮುಂಚಿತವಾಗಿ ಮನೆಗಳಿಗೆ ತಿಳಿಸಿದರೆ, ಆ ಬೀದಿಯವರು ಬಾಗಿಲಲ್ಲೇ ನಿಂತು ನೋಡುತ್ತಾರೆ.