ಅಜ್ಜನ ಸ್ವಿಸ್ ವಾಚಿನಲ್ಲಿ 17 ಮಾಣಿಕ್ಯ ಇರುವುದು ನಿಜವೇ?

ಹಳೆಯ ಸ್ವಿಸ್ ವಾಚಿನ ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿದ್ದರೆ ಒಳಗೆ 17 ಮಾಣಿಕ್ಯಗಳಿರುತ್ತವೆ, ಬಿಚ್ಚಿ ಮಾರಿದರೆ ಲಕ್ಷಗಟ್ಟಲೆ ಹಣ ಬರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ನಿಜ. ಮಾಣಿಕ್ಯ ಇದೆ, ಲಕ್ಷ ಇಲ್ಲ. ಆದರೆ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಅದರಲ್ಲಿರುವ ‘ಬಿಚ್ಚಿ’ ಎಂಬ ಪದ. ಅದಕ್ಕೆ ಆಮೇಲೆ ಬರೋಣ.

ಕೀ ಕೊಡುವ ವಾಚಿನ ಬ್ಯಾಲೆನ್ಸ್ ಚಕ್ರ ಸಾಮಾನ್ಯವಾಗಿ ಸೆಕೆಂಡಿಗೆ ಐದು ಸಲ ಆಚೀಚೆ ಆಡುತ್ತದೆ. ದಿನಕ್ಕೆ 4,32,000 ಸಲ! ಕೂದಲೆಳೆಯಂಥ ಉಕ್ಕಿನ ತುದಿ ಹಿತ್ತಾಳೆಯ ತೂತಿನಲ್ಲಿ ಹೀಗೆ ತಿರುಗುತ್ತಿದ್ದರೆ ತೂತು ಬೇಗ ಸವೆದುಹೋಗುತ್ತದೆ. ಹಾಗಾಗಿ ಅಲ್ಲಿ ಗಟ್ಟಿಯಾದ, ನುಣುಪಾದ ಕಲ್ಲು ಕೂರಿಸುತ್ತಾರೆ. ಸೈಕಲ್ಲಿನ ಬೇರಿಂಗ್ ಮಾಡುವ ಕೆಲಸವೇ ಇದು. ಮುಖ್ಯ ಚಕ್ರಗಳಿಗೆಲ್ಲ ಕಲ್ಲು ಕೂರಿಸಿದರೆ ಲೆಕ್ಕ 17ಕ್ಕೆ ಬರುತ್ತದೆ.

ಒಂದು ಕಾಲದಲ್ಲಿ ಇವು ನಿಜವಾಗಿಯೂ ಗಣಿಯಿಂದ ತೆಗೆದ ಕಲ್ಲುಗಳೇ. ಆದರೆ 1902ರಲ್ಲಿ ಫ್ರಾನ್ಸಿನ ಆಗಸ್ಟ್ ವೆರ್ನೂಯ್ ಅಲ್ಯುಮಿನಿಯಂ ಆಕ್ಸೈಡ್ ಪುಡಿಯನ್ನು ಬೆಂಕಿಯ ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಆಮೇಲೆ ವಾಚಿನ ಮಾಣಿಕ್ಯ ಕಾರ್ಖಾನೆಯ ಮಾಲಾಯಿತು. ಸಾಸಿವೆಗಿಂತ ಚಿಕ್ಕದಾದ, ನಡುವೆ ತೂತಿರುವ ಈ ಕೃತಕ ಕಲ್ಲಿಗೆ ಚಿನ್ನದಂಗಡಿಯಲ್ಲಿ ಬೆಲೆಯೇ ಇಲ್ಲ. ನಮ್ಮ ಎಚ್‌ಎಂಟಿ ಜನತಾ ಮೇಲೂ 17 ಜ್ಯುವೆಲ್ಸ್ ಎಂದೇ ಇರುತ್ತಿತ್ತು. ಅದನ್ನು ಕಟ್ಟಿಕೊಂಡ ಮೇಷ್ಟ್ರುಗಳೆಲ್ಲ ಲಕ್ಷಾಧೀಶರಾಗಲಿಲ್ಲವಲ್ಲ!

ಹಾಗಾದರೆ ಹಳೆಯ ಸ್ವಿಸ್ ವಾಚಿಗೆ ಬೆಲೆ ಬರುವುದು ಯಾವುದರಿಂದ? ಮುಖ್ಯವಾಗಿ, ಅದು ಹುಟ್ಟಿದಾಗ ಹೇಗಿತ್ತೋ ಹಾಗೇ ಉಳಿದಿದೆಯೇ ಎಂಬುದರಿಂದ. ಡಯಲ್ ಮೇಲಿನ ಹೆಸರೊಂದೇ ಸಾಲದು. ಎಷ್ಟೋ ಸ್ವಿಸ್ ಬ್ರ್ಯಾಂಡುಗಳು ಗ್ರೆಂಚೆನ್ ಊರಿನ ಎ. ಶಿಲ್ಡ್, ಇಟಿಎ ಮುಂತಾದ ಕಾರ್ಖಾನೆಗಳಿಂದ ಯಂತ್ರ ಕೊಂಡು ತಮ್ಮ ಹೆಸರು ಹಾಕುತ್ತಿದ್ದವು. ಯಂತ್ರದ ಗುರುತು ಮತ್ತು ಸಂಖ್ಯೆ ಹೆಚ್ಚಾಗಿ ಬ್ಯಾಲೆನ್ಸ್ ಚಕ್ರದ ಕೆಳಗೋ ಪಕ್ಕದಲ್ಲೋ ಇರುತ್ತದೆ. ಒಳಗಿನ ಯಂತ್ರಕ್ಕೂ ಹೊರಗಿನ ಹೆಸರಿಗೂ ತಾಳೆಯಾಗದಿದ್ದರೆ ಅನುಮಾನಿಸಬೇಕು. ಅಕ್ಷರಗಳು ಸೊಟ್ಟಗಿದ್ದು, ಬಣ್ಣ ಮಾತ್ರ ನಿನ್ನೆ ಬಳಿದಂತೆ ಫಳಫಳ ಎನ್ನುತ್ತಿದ್ದರೆ ಡಯಲ್‌ಗೆ ಮರುಬಣ್ಣ ಆಗಿದೆ ಎಂದರ್ಥ. ಇಂಥ ಜೋಡಣೆ ವಾಚುಗಳಿಗೆ ಸಂಗ್ರಾಹಕರು ಇಟ್ಟ ಅಡ್ಡಹೆಸರು ‘ಮುಂಬೈ ಸ್ಪೆಷಲ್’. ಅಜ್ಜನ ವಾಚಿನ ಮಾಸಿದ ಡಯಲ್‌ಗೆ ಹೊಸ ಬಣ್ಣ ಹೊಡೆಸಿದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ.

ಈಗ ‘ಬಿಚ್ಚುವ’ ವಿಷಯ. 1960ರ ದಶಕದವರೆಗೂ ಅನೇಕ ವಾಚುಗಳ ಅಂಕಿ, ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. (ಬೈಕಿಗೆ ಅಂಟಿಸುವ ‘ರೇಡಿಯಂ ಸ್ಟಿಕರ್’ ಬೇರೆ. ಅದರಲ್ಲಿ ರೇಡಿಯಂ ಇರುವುದಿಲ್ಲ, ಹೆಸರು ಮಾತ್ರ.) ವಾಚು ಈಗ ಹೊಳೆಯುತ್ತಿಲ್ಲವಾದ್ದರಿಂದ ಅಪಾಯವಿಲ್ಲ ಎಂದು ಹಲವರು ಭಾವಿಸುತ್ತಾರೆ. ಇದು ತಪ್ಪು. ಹೊಳೆಯುತ್ತಿದ್ದುದು ಜೊತೆಗಿದ್ದ ಸತುವಿನ ಸಲ್ಫೈಡ್; ಕೆಟ್ಟಿರುವುದೂ ಅದೇ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಬಹುಕಾಲ ನಿಂತಿದ್ದ ವಾಚಿನಲ್ಲಿ ಮುಳ್ಳಿನ ಕೆಳಗೆ ಡಯಲ್ ಕಂದಾಗಿ ಸುಟ್ಟ ಗುರುತು ಕಂಡರೆ ಅದು ರೇಡಿಯಂ ಕೆಲಸವೇ ಇರಬಹುದು.

ಅಮೆರಿಕದ ನ್ಯೂಜೆರ್ಸಿಯಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಡಯಲ್‌ಗೆ ಈ ಬಣ್ಣ ಹಚ್ಚುತ್ತಿದ್ದ ಹುಡುಗಿಯರ ದವಡೆಯ ಮೂಳೆಗಳೇ ಕೊಳೆತವು. ಅವರಲ್ಲಿ ಐವರು ಕಂಪನಿಯ ಮೇಲೆ ಹೂಡಿದ ಮೊಕದ್ದಮೆ 1928ರಲ್ಲಿ ಪರಿಹಾರದೊಂದಿಗೆ ಮುಗಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಈ ಕೆಲಸ ಮನೆಮನೆಗಳಲ್ಲೂ ನಡೆಯುತ್ತಿತ್ತು. ಅಂಥ ಮನೆಗಳನ್ನು ಹುಡುಕಿ ಶುಚಿಗೊಳಿಸಲು ಅಲ್ಲಿನ ಸರ್ಕಾರ 2015ರಲ್ಲಿ ಯೋಜನೆಯನ್ನೇ ಶುರು ಮಾಡಬೇಕಾಯಿತು.

ಗಾಜು, ಕೇಸು ಸರಿಯಾಗಿದ್ದರೆ ರೇಡಿಯಂನ ಆಲ್ಫಾ ಕಣಗಳು ಹೊರಬರುವುದಿಲ್ಲ, ಸ್ವಲ್ಪ ಗಾಮಾ ಕಿರಣ ಮಾತ್ರ ದಾಟುತ್ತದೆ. ತೊಂದರೆ ಇರುವುದು ಉದುರಿದ ಪುಡಿ ಉಸಿರಿನಲ್ಲೋ ಬೆರಳಿಗಂಟಿ ಊಟದಲ್ಲೋ ದೇಹ ಸೇರಿದಾಗ. ಡಯಲ್‌ನ ಬುಡದಲ್ಲಿ ‘ಟಿ ಸ್ವಿಸ್ ಟಿ’ ಎಂದಿದ್ದರೆ ಅದು ಟ್ರಿಟಿಯಂ. ಅದರ ಅರ್ಧಾಯುಷ್ಯ ಸುಮಾರು 12 ವರ್ಷ, ಹಳೆಯ ವಾಚುಗಳಲ್ಲಿ ಬಹುಪಾಲು ಮುಗಿದಿರುತ್ತದೆ. ಬರೀ ‘ಸ್ವಿಸ್’ ಎಂದಿದ್ದು, ಅಂಕಿಗಳ ಮೇಲೆ ದಪ್ಪನೆಯ ಕಂದು ಬಣ್ಣವಿರುವ ಹಳೆಯ ವಾಚಾದರೆ ಗಾಜು ತೆಗೆಯಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ರಿಪೇರಿಗೆ ಒಯ್ದರೆ ‘ಇದರಲ್ಲಿ ರೇಡಿಯಂ ಇರಬಹುದು’ ಎಂದು ಮೊದಲೇ ಹೇಳಿ. ಬಿಚ್ಚಿದ ವಾಚಿನ ಮೇಲೆ ದಿನವಿಡೀ ಬಗ್ಗಿ ಕೂರುವವರು ಅವರೇ ತಾನೆ.